ನಾನು ಪುಣೆಯಲ್ಲಿರಲಿಲ್ಲ

ಹೊಸೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬಯೋಡೇಟಾ ಟೈಪ್ ಮಾಡಿಕೊಡುವ ಒಂದು ಚಿಕ್ಕ ಅಂಗಡಿಯಿದೆ. ಒಳಗೆ ಕಾಲಿಟ್ಟರೆ ಅಲ್ಲಿನವನ ಮೊದಲ ಪ್ರಶ್ನೆ, "ಕೆಲಸಕ್ಕಾ, ಮದುವೆಗಾ?" ನಾನು ಕೆಲಸಕ್ಕೆ ಎಂದೆ. ಹೆಸರು ಪ್ರಮೀಳಾ, ಊರು ಮತ್ತಿಗಿರಿ, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಏಳು ವರ್ಷ ಎಂದು ಪಟಪಟನೆ ಹೊಡೆದುಕೊಂಡು ಹೋದವನು ಅಲ್ಲಿಗೆ ನಿಂತ.

"ಅಲ್ಲಿಂದ ಈಚೆಗೆ?"

"ಈಚೆಗೆ ಎರಡು ವರ್ಷ ನಾಲ್ಕು ತಿಂಗಳು ಕೆಲಸಕ್ಕೆ ಹೋಗಿಲ್ಲ."

"ಹಂಗೆ ಖಾಲಿ ಬಿಟ್ರೆ ಆಗಲ್ಲ ಮೇಡಂ. ಮೊದ್ಲು ಅದನ್ನೇ ನೋಡೋದು ಅವ್ರು. ಮದುವೆ, ಮಗು ಅಂತ ಹಾಕ್ಲಾ? ಇಲ್ಲಾಂದ್ರೆ ಸರ್ಕಾರಿ ಪರೀಕ್ಷೆಗೆ ಓದ್ತಿದ್ರಿ ಅಂತ? ರೆಡಿ ಐತೆ, ಎಲ್ರಿಗೂ ಅದೇ ಹಾಕ್ಕೊಡೋದು."

ನಿಜವಾಗಿಯೂ ರೆಡಿ ಇತ್ತು. ಇಂಗ್ಲಿಷಿನಲ್ಲಿ ನಾಲ್ಕೈದು ಸಾಲುಗಳನ್ನು ಒಂದು ಕಡೆ ಬರೆದಿಟ್ಟುಕೊಂಡಿದ್ದ. ಯಾರ ಬದುಕಿಗೆ ಯಾವುದು ಬೇಕೋ ಅದನ್ನು ತೆಗೆದು ಅಂಟಿಸುವುದಷ್ಟೇ ಅವನ ಕೆಲಸ. ನಾನು ನಾಳೆ ಬರುತ್ತೇನೆಂದು ಹೇಳಿ, ಅರ್ಧ ಟೈಪಾದ ಹಾಳೆಯನ್ನು ಮಡಚಿಕೊಂಡು ಬಸ್ ಹತ್ತಿದೆ.

ಅವನ ಮೇಲೆ ನನಗೆ ಕೋಪ ಬಂದಿತ್ತು. ಅದಕ್ಕೆ ಕಾರಣ ನನ್ನ ಕೆಲಸ. ಲೇತ್ ಯಂತ್ರದಿಂದ ಬರುವ ಲೋಹದ ಪೀಸುಗಳನ್ನು ಅಳೆದು ಶೀಟಿನಲ್ಲಿ ಬರೆಯುವುದು ನಾನು ಏಳು ವರ್ಷ ಮಾಡಿದ ಕೆಲಸ. ಸೇರಿದ ಮೊದಲ ದಿನವೇ ನಮ್ಮ ಸೀನಿಯರ್ ದೊರೈ ಸಾರ್ ಎರಡು ಮಾತು ಹೇಳಿದ್ದರು. ಶೀಟಿನಲ್ಲಿ ಯಾವ ಚೌಕವನ್ನೂ ಖಾಲಿ ಬಿಡಬಾರದು. ಅಳೆಯಲು ಆಗದಿದ್ದರೆ ಅಲ್ಲಿ ಗೀಟು ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಎರಡನೆಯದು, ಅಳೆಯದೆ ಮೇಜಿನ ಮುಂದೆ ಕೂತು ಅಂಕಿ ತುಂಬಬಾರದು. ಹಾಗೆ ತುಂಬಿದ್ದನ್ನು ನಮ್ಮ ಕಸುಬಿನವರೆಲ್ಲ 'ಟೇಬಲ್ ರೀಡಿಂಗ್' ಎನ್ನುತ್ತಾರೆ. ದೊರೈ ಸಾರ್ ಅದನ್ನು ದೂರದಿಂದಲೇ ಹಿಡಿಯುತ್ತಿದ್ದರು. ಅಂಕಿಗಳು ಬಹಳ ಒಪ್ಪವಾಗಿದ್ದರೆ ಅಳೆದೇ ಇಲ್ಲ ಎಂದು ಅವರ ಲೆಕ್ಕ. ನಿಜವಾಗಿ ಅಳೆದದ್ದು ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ನನಗೆ ಆ ಶೀಟುಗಳ ಮುಂದೆ ಮತ್ತೆ ನಿಲ್ಲಬೇಕಿತ್ತು. ಬೇರೇನೂ ಬೇಕಿರಲಿಲ್ಲ. ಅದಕ್ಕೆ ಅಡ್ಡವಾಗಿ ಆ ಎರಡು ವರ್ಷ ನಾಲ್ಕು ತಿಂಗಳಿತ್ತು, ಅದರ ಮೇಲೆ ನನ್ನ ಅಪ್ಪ ತುಂಬಿಟ್ಟ ಒಂದು ದೊಡ್ಡ ಟೇಬಲ್ ರೀಡಿಂಗ್ ಇತ್ತು.

ನೋವು ಶುರುವಾದದ್ದು ಬೆನ್ನಿನ ನಡುವೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ. ಎಂಟು ಗಂಟೆ ನಿಂತು ಮಾಡುವ ಕೆಲಸ, ನೋಯದೆ ಇರುತ್ತದೆಯೇ ಎಂದು ನಾನೇ ಹೇಳಿಕೊಂಡೆ. ಫ್ಯಾಕ್ಟರಿಯ ಡಾಕ್ಟರು ಮುಲಾಮು ಕೊಟ್ಟರು. ಅಮ್ಮ ಬಿಸಿನೀರು ಹುಯ್ದಳು. ನಾಲ್ಕು ತಿಂಗಳು ಹೀಗೇ ಕಳೆಯಿತು. ಸಂಜೆಯಾದರೆ ಸಣ್ಣಗೆ ಮೈ ಕಾಯುತ್ತಿತ್ತು, ಚೂಡಿದಾರಗಳು ಸಡಿಲವಾದವು. ಮನೆಯಲ್ಲಿ ಅದನ್ನು ಯಾರೂ ಕೆಟ್ಟದ್ದೆಂದು ತಿಳಿಯಲಿಲ್ಲ. ಬೇರಿಕೆಯಿಂದ ಒಂದು ಸಂಬಂಧ ಬಂದಿತ್ತು, ಹುಡುಗಿ ಸ್ವಲ್ಪ ಸಣ್ಣಗಾದರೆ ಒಳ್ಳೆಯದೇ ಎಂದು ಅಮ್ಮ ಖುಷಿಯಾಗಿದ್ದಳು.

ಒಂದು ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿನ ಮೆಟ್ಟಿಲ ಮೇಲೆ ಎಡಗಾಲು ಇಟ್ಟೆ. ಇಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ತಿಳಿಯಲಿಲ್ಲ. ಹಿಂದಿದ್ದ ಕವಿತಾ, ಬೇರೆ ವಿಭಾಗದ ನನ್ನ ಗೆಳತಿ, ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದೆ. "ಏನಾಯ್ತೇ?" ಎಂದಳು. ಚಪ್ಪಲಿ ಜಾರಿತು ಎಂದೆ. ನೋಡಿ, ಮೊದಲ ಸುಳ್ಳು ಅಪ್ಪನದಲ್ಲ, ನನ್ನದೇ.

ಬೆಂಗಳೂರಿನ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ನೀಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲಿತ್ತು. ಅಪ್ಪ, ಅಮ್ಮ, ನಾನು ಅದರಲ್ಲಿ ಮೂರು ಗಂಟೆ ಕೂತೆವು. ಎದುರಿನ ಮುದುಕಿ ನನ್ನನ್ನೇ ನೋಡುತ್ತಿದ್ದು ಕೊನೆಗೆ, "ನಿಂಗೇನಮ್ಮಾ ಇಷ್ಟು ಚಿಕ್ಕ ವಯಸ್ಸಿಗೆ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಏನಿಲ್ಲ, ಸುಮ್ನೆ ಚೆಕಪ್ಪು" ಎಂದ. ಆಮೇಲೆ ಡಾಕ್ಟರು ಬೆನ್ನುಮೂಳೆಗೆ ಟಿಬಿ ಹಿಡಿದಿದೆ, ಮೂಳೆ ಸವೆದು ನರವನ್ನು ಒತ್ತುತ್ತಿದೆ, ಆಪರೇಷನ್ ಬೇಕು, ಮಾತ್ರೆ ಒಂದೂವರೆ ವರ್ಷ ತಪ್ಪದೆ ನುಂಗಬೇಕು ಎಂದರು. ಇದು ಬೇರೆಯವರಿಗೆ ಹರಡುವಂಥದಲ್ಲ, ಪೂರ್ತಿ ವಾಸಿಯಾಗುತ್ತದೆ ಎಂದೂ ಹೇಳಿದರು. ಅಪ್ಪನ ಕಿವಿಗೆ ಬಿದ್ದದ್ದು 'ಟಿಬಿ' ಎಂಬ ಎರಡಕ್ಷರ ಮಾತ್ರ. ಹೊರಗೆ ಬಂದವನು ಗೋಡೆಗೆ ಕೈ ಕೊಟ್ಟು ನಿಂತುಬಿಟ್ಟ. ನನಗೆ ಆಗ ಭಯವಾದದ್ದು ಆಪರೇಷನ್ನಿಗಲ್ಲ, ಅಪ್ಪನ ಮುಖಕ್ಕೆ.

ಅಪ್ಪನಿಗೆ ಮತ್ತಿಗಿರಿಯಲ್ಲಿ ರಾಗಿ ಹಿಟ್ಟಿನ ಮಿಲ್ಲಿದೆ. ಮಿಲ್ ಮುನಿರಾಜಣ್ಣ ಎಂದರೆ ಎಲ್ಲರಿಗೂ ಗೊತ್ತು. ಊರಿನ ಅರ್ಧ ಮಂದಿ ಅಲ್ಲಿ ಕೂತು ಹಿಟ್ಟಾಗುವವರೆಗೆ ಮಾತಾಡುತ್ತಾರೆ. ನನಗೆ ಆಪರೇಷನ್ನಾದ ವಾರ ನಮ್ಮ ಬೀದಿಯ ಚಿನ್ನಮ್ಮಕ್ಕ ರಾಗಿ ತಂದವಳು, "ಮಗಳು ಕಾಣಿಸ್ತಾನೇ ಇಲ್ವಲ್ಲ ಮುನಿರಾಜಣ್ಣ?" ಎಂದು ಕೇಳಿದಳಂತೆ. ಮೋಟಾರು ಓಡುತ್ತಿತ್ತು. ಆ ಸದ್ದಿನಲ್ಲಿ ಅಪ್ಪ ಒಂದೇ ಮಾತು ಕೂಗಿದ: "ಪುಣೆ!"

ನಮ್ಮ ಫ್ಯಾಕ್ಟರಿಗೆ ಪುಣೆಯಲ್ಲಿ ಇನ್ನೊಂದು ಘಟಕವಿತ್ತು, ನಮ್ಮಲ್ಲಿಂದ ಇಬ್ಬರು ಹುಡುಗಿಯರು ಅಲ್ಲಿಗೆ ಹೋಗಿಯೂ ಇದ್ದರು. ಹಾಗಾಗಿ ಆ ಮಾತು ಸಲೀಸಾಗಿ ಒಪ್ಪಿಗೆಯಾಯಿತು. ಮದುವೆಯಾಗಬೇಕಾದ ಹುಡುಗಿ, ಬೇರಿಕೆಯವರಿಗೆ ತಿಳಿದರೆ ಏನು ಗತಿ ಎಂಬುದು ಅಪ್ಪನ ಚಿಂತೆ. ಬೇರಿಕೆಯವರು ಆರು ತಿಂಗಳು ಕಾದು ಬೇರೆ ಹೆಣ್ಣು ನೋಡಿಕೊಂಡರು. ಪುಣೆ ಮಾತ್ರ ಉಳಿದುಕೊಂಡಿತು.

ನನ್ನನ್ನು ಆಸ್ಪತ್ರೆಯಿಂದ ನೇರವಾಗಿ ಗುಮ್ಮಳಾಪುರದ ಅತ್ತೆಯ ಮನೆಗೆ ಕರೆದುಕೊಂಡು ಹೋದರು. ಅತ್ತೆ ಅಪ್ಪನ ಅಕ್ಕ. ಅವಳದು ಊರಾಚೆ ಹೊಲದ ಮಧ್ಯದ ಮನೆ, ಅತ್ತ ಯಾರೂ ಸುಳಿಯುವುದಿಲ್ಲ. ಅದಕ್ಕೇ ಆ ಮನೆ. ಎದೆಯಿಂದ ಸೊಂಟದವರೆಗೆ ಗಟ್ಟಿ ಪಟ್ಟಿ ಕಟ್ಟಿ ಮಂಚದ ಮೇಲೆ ಮಲಗಿಸಿದರು. ಪಕ್ಕದ ಕಿಟಕಿಯಿಂದ ಹುರುಳಿಕಾಯಿ ಬಳ್ಳಿಯ ಸಾಲುಗಳೂ ಒಂದು ನೀರಿನ ತೊಟ್ಟಿಯೂ ಕಾಣುತ್ತಿದ್ದವು. ಮೊದಲ ದಿನ ಮಾತ್ರೆ ನುಂಗಿ ಮೂತ್ರ ಕೇಸರಿ ಬಣ್ಣವಾದಾಗ ರಕ್ತವೆಂದು ಹೆದರಿ ಕಿರುಚಿದೆ. ಮಾತ್ರೆ ತಂದುಕೊಡುವ ನರ್ಸು ನಕ್ಕು, ಅದು ಮಾತ್ರೆಯ ಬಣ್ಣ, ಎಲ್ಲರಿಗೂ ಹೀಗೇ ಎಂದು ತಮಿಳಿನಲ್ಲಿ ಹೇಳಿದಳು. ಎಲ್ಲರಿಗೂ ಎಂದರೆ ಯಾರಿಗೆ? ಈ ಬಣ್ಣ ನೋಡಿ ಹೆದರಿದ ಇನ್ನೊಬ್ಬರು ಈ ಸೀಮೆಯಲ್ಲಿ ಎಲ್ಲಿದ್ದಾರೆ ಎಂದು ಕೇಳಬೇಕೆನಿಸಿತು. ಅವಳು ಗಾಡಿ ಹತ್ತಿ ಹೊರಟುಹೋದಳು.

ನನಗೆ ಆ ದಿನಗಳಲ್ಲಿ ಏನು ಬೇಕಿತ್ತು ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಮೂಸಂಬಿ ಬೇಕಿತ್ತು. ನಮ್ಮ ಬೀದಿಯಲ್ಲಿ ಯಾರಾದರೂ ಮಲಗಿದರೆ ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬರುತ್ತಾರೆ. ಅದರಲ್ಲೂ ಚಿನ್ನಮ್ಮಕ್ಕ ಮೊದಲು ಬರುವವಳು. ನಾನು ಎಂಟನೇ ಕ್ಲಾಸಿನಲ್ಲಿ ಟೈಫಾಯ್ಡ್ ಆಗಿ ಮಲಗಿದ್ದಾಗ ದಿನವೂ ಬಂದು, ಕಾಲ ದೆಸೆಯಲ್ಲಿ ಕೂತು, "ಎಲ್ಲಿಂದ ಶುರುವಾಯ್ತು? ಮೊದ್ಲಿಂದ ಹೇಳು" ಎಂದು ಪೀಡಿಸುತ್ತಿದ್ದಳು. ಆಗ ಅವಳು ಯಾವಾಗ ಎದ್ದು ಹೋಗುತ್ತಾಳೋ ಎಂದು ಕಾಯುತ್ತಿದ್ದೆ. ಗುಮ್ಮಳಾಪುರದಲ್ಲಿ ಅತ್ತೆ ಬೇಕೆಂದರೆ ಮೂಸಂಬಿ ತಂದುಕೊಡುತ್ತಿದ್ದಳು. ಆದರೆ ಮನೆಯವರು ಕೊಂಡು ತಂದ ಮೂಸಂಬಿ ಬೇರೆ, ನೋಡಲು ಬಂದವರು ಕೈಯಲ್ಲಿ ಹಿಡಿದು ತಂದದ್ದು ಬೇರೆ. ಪುಣೆಯಲ್ಲಿ ಚೆನ್ನಾಗಿರುವವಳನ್ನು ನೋಡಲು ಯಾರು ಬರುತ್ತಾರೆ?

ಕವಿತಾ ಫೋನಿನಲ್ಲಿ ಮೆಸೇಜು ಕಳಿಸುತ್ತಿದ್ದಳು. "ಹೆಂಗಿದೆ ಪುಣೆ? ಮಳೆನಾ?" ನಾನು ಪುಣೆಯ ಹವಾಮಾನ ನೋಡಿಕೊಂಡು, "ಹೌದೇ, ಬೆಳಗ್ಗಿಂದ ಬಿಟ್ಟಿಲ್ಲ" ಎಂದು ಬರೆಯುತ್ತಿದ್ದೆ. ಕಿಟಕಿಯಾಚೆ ಚುರುಕು ಬಿಸಿಲಿರುತ್ತಿತ್ತು. ಐದಾರು ಸಲ ಹೀಗೆ ಬರೆದ ಮೇಲೆ ಸಾಕಾಗಿ ಉತ್ತರ ಕೊಡುವುದನ್ನೇ ಬಿಟ್ಟೆ. ಅವಳೂ ಬಿಟ್ಟಳು. ನನ್ನ ಕಷ್ಟಕ್ಕೆ ಯಾರೂ ಆಗಲಿಲ್ಲ ಎಂದು ಹೇಳುವ ಹಕ್ಕು ನನಗಿಲ್ಲ, ಆಗುವವರಿಗೆ ನಾನು ವಿಳಾಸವನ್ನೇ ಕೊಟ್ಟಿರಲಿಲ್ಲ.

ಎರಡನೇ ತಿಂಗಳಿನಲ್ಲಿ ತಲೆ ಕೆಡುವುದೊಂದು ಬಾಕಿ ಎನ್ನುವಾಗ ಅತ್ತೆಯಿಂದ ಒಂದು ಉದ್ದ ನೋಟ್‌ಬುಕ್ ತರಿಸಿಕೊಂಡೆ. ಸ್ಕೇಲಿನಲ್ಲಿ ಗೆರೆ ಹಾಕಿ, ನಮ್ಮ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ಶೀಟನ್ನೇ ಮಾಡಿಕೊಂಡೆ. ತಾರೀಕು, ಮಾತ್ರೆ, ಜ್ವರ, ನೋವು ಹತ್ತಕ್ಕೆ ಎಷ್ಟು, ನಡೆದ ಹೆಜ್ಜೆ. ಕೊನೆಯಲ್ಲಿ ಎರಡು ಚೌಕ: ಅಳೆದವರು, ಪರೀಕ್ಷಿಸಿದವರು. ಅಳೆಯಲು ಬೇರೆ ಪೀಸು ಇರಲಿಲ್ಲ, ನನ್ನನ್ನೇ ಅಳೆದುಕೊಂಡೆ. ಮಂಚದಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಬಾಗಿಲಿನಿಂದ ನೀರಿನ ತೊಟ್ಟಿಗೆ ನಲವತ್ತೆರಡು. ಒಂದು ದಿನ ಮೂವತ್ತಾದರೆ ಮರುದಿನ ಹನ್ನೆರಡು, ಅದರ ಮರುದಿನ ಸೊನ್ನೆ. ಮಾತ್ರೆ ವಾಂತಿಯಾಗಿಹೋದ ಎರಡು ದಿನ ಆ ಚೌಕದಲ್ಲಿ ಗೀಟು ಎಳೆದು ಕಾರಣ ಬರೆದೆ.

ಪರೀಕ್ಷಿಸಿದವರು ಎಂಬ ಚೌಕ ಖಾಲಿ ಉಳಿಯುವುದು ನೋಡಿ ಸಂಕಟವಾಗುತ್ತಿತ್ತು. ಅತ್ತೆಯನ್ನು ಕರೆದು ಸಹಿ ಹಾಕು ಎಂದೆ.

"ನಂಗೆಲ್ಲಿ ಬತ್ತದಮ್ಮಾ ಬರೆಯಾಕೆ?"

"ಒಂದು ಗೀಟು ಹಾಕು ಸಾಕು. ನಾನು ನಡೆದಿದ್ದು ನೋಡಿದ್ಯಲ್ಲ?"

"ನೋಡ್ದೆ. ಇವತ್ತು ತೊಟ್ಟಿತಾವ್ಕೆ ಹೋಗಿ ಎರಡು ಕಿತ ಕೂತ್ಕಂಡೆ ನೀನು. ಅದನ್ನೂ ಬರಿ."

ಬರೆದೆ. ಅತ್ತೆ ಪೆನ್ನನ್ನು ಸೌಟಿನ ಹಾಗೆ ಹಿಡಿದು ಒಂದು ಅಡ್ಡ ಗೀಟು ಹಾಕಿದಳು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ದಿನದಲ್ಲಿ ನಾನು ಕಾಯುತ್ತಿದ್ದದ್ದು ಅದೊಂದು ಗಳಿಗೆಗೆ.

ಅಪ್ಪ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ನೋವು ಹೇಗಿದೆ ಎಂದು ಕೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಮೈಯೆಲ್ಲ ಹಿಟ್ಟಿನ ವಾಸನೆ ಹೊತ್ತು ಮಂಚದ ಪಕ್ಕ ಕೂತು ಪುಣೆಯ ಸಮಾಚಾರ ಹೇಳುತ್ತಿದ್ದ. "ಅಲ್ಲಿ ಮೂರೊತ್ತೂ ಚಪಾತಿನೇ, ಮುದ್ದೆ ಸಿಗಲ್ಲ ಅಂತ ಅಂದಿವ್ನಿ" ಎಂದ ಒಂದು ಸಲ. ಇನ್ನೊಂದು ಸಲ ತಲೆ ತಗ್ಗಿಸಿಕೊಂಡು, "ನಿಂಗೆ ಪ್ರಮೋಷನ್ ಆಯ್ತು ಅಂದ್ಬುಟ್ಟೆ ಕಣಮ್ಮಾ. ಅವ್ರು ಬಿಡ್ದೆ ಕೇಳ್ತಾರೆ, ಯಾಕೆ ಊರಿಗೇ ಬರಲ್ಲ ಅಂತ" ಎಂದ. ನಾನು ಗಹಗಹಿಸಿ ನಕ್ಕೆ, ಬೆನ್ನಿನಲ್ಲಿ ಹೊಲಿಗೆ ಹಾಕಿದ್ದ ಜಾಗ ಎಳೆದು ಕಣ್ಣಲ್ಲಿ ನೀರು ಬಂತು. ಅವನು ಹೋದ ಮೇಲೆ ಆ ಪುಣೆಯವಳ ಮೇಲೆ ಹೊಟ್ಟೆಕಿಚ್ಚಾಯಿತು. ನಾನು ನೀರಿನ ತೊಟ್ಟಿ ಮುಟ್ಟುವುದರೊಳಗೆ ಅವಳು ಸೀನಿಯರ್ ಇನ್‌ಸ್ಪೆಕ್ಟರ್ ಆಗಿದ್ದಳು.

ಮಾತ್ರೆ ಮುಗಿಯಿತು. ಪಟ್ಟಿ ಬಿಚ್ಚಿದರು. ಇನ್ನೂ ಆರು ತಿಂಗಳು ಕಾದು, ಕೊನೆಯ ಸ್ಕ್ಯಾನು ನೋಡಿ ಡಾಕ್ಟರು, ಕೆಲಸಕ್ಕೆ ಹೋಗಬಹುದು ಎಂದು ಪತ್ರ ಕೊಟ್ಟರು. ಅಪ್ಪ ನನ್ನನ್ನು ಹಾಡುಹಗಲು, ಸೂಟ್‌ಕೇಸು ಸಮೇತ ಆಟೋದಲ್ಲಿ ಮನೆ ಮುಂದೆ ಇಳಿಸಿದ. ಹೊಸೂರಿನ ಬೇಕರಿಯ ಸ್ವೀಟನ್ನು ಪುಣೆಯದ್ದೆಂದು ಬೀದಿಗೆಲ್ಲ ಹಂಚಿಸಿದ. "ಬಡವಾಗ್ಬುಟ್ಟಿದ್ದೀಯಲ್ಲೇ, ಆ ಊರಿನ ಊಟ ಹಿಡೀಲಿಲ್ವಾ?" ಎಂದು ಚಿನ್ನಮ್ಮಕ್ಕ ಗದ್ದ ಹಿಡಿದು ಕೇಳಿದಳು. ಹೌದಕ್ಕ ಎಂದೆ. ಅಪ್ಪ ಆಸ್ಪತ್ರೆಯ ಕಾಗದಗಳನ್ನೂ ನನ್ನ ನೋಟ್‌ಬುಕ್ಕನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೆಗೆದುಕೊಂಡು ಹೋದ. ಎಲ್ಲಿಟ್ಟನೆಂದು ನಾನು ಕೇಳಲಿಲ್ಲ. ಡಾಕ್ಟರು ಕೊಟ್ಟ ಪತ್ರವೊಂದನ್ನು ಮಾತ್ರ ನಾನು ಇಟ್ಟುಕೊಂಡಿದ್ದೆ.

ನಾಲ್ಕು ತಿಂಗಳಾದ ಮೇಲೆ ಆ ಬಯೋಡೇಟಾ ಅಂಗಡಿಗೆ ಹೋದದ್ದು. ಎರಡನೇ ದಿನ ಹೋಗಿ, ಖಾಲಿ ಜಾಗದಲ್ಲಿ ಹೀಗೆ ಹಾಕಿ ಎಂದು ನಾನೇ ಬರೆದುಕೊಟ್ಟೆ: ಅನಾರೋಗ್ಯ, ಚಿಕಿತ್ಸೆ ಪೂರ್ಣಗೊಂಡಿದೆ, ಕೆಲಸ ಮಾಡಬಹುದೆಂದು ವೈದ್ಯರ ಪತ್ರವಿದೆ. ಅವನು ಪಾಪ, "ಇದು ಬೇಡ ಮೇಡಂ, ಯಾರೂ ಕರೆಯಲ್ಲ" ಎಂದ. ಹಾಕಿ ಎಂದೆ. ಅಪ್ಪನಿಗೆ ಹೇಳಲಿಲ್ಲ. ಫ್ಯಾಕ್ಟರಿಯವರು ಓದುವ ಹಾಳೆ ಮಿಲ್ಲಿಗೇಕೆ ತಿಳಿಯಬೇಕು ಎಂದುಕೊಂಡೆ. ನಮ್ಮ ಊರು ಎಷ್ಟು ಚಿಕ್ಕದು ಎಂಬುದನ್ನು ಮರೆತಿದ್ದೆ.

ಐದು ಕಡೆ ಕೊಟ್ಟೆ, ಒಂದು ಕಡೆಯಿಂದ ಕರೆ ಬಂತು. ಹೊಸ ಫ್ಯಾಕ್ಟರಿ, ಚಿಕ್ಕದು. ಎದುರಿಗೆ ಕ್ವಾಲಿಟಿ ಮ್ಯಾನೇಜರ್ ಮತ್ತು ಎಚ್‌ಆರ್‌ನ ಒಬ್ಬ ಹೆಂಗಸು. ಮ್ಯಾನೇಜರ್ ತಮಿಳಿನಲ್ಲಿ ಅಳತೆಯ ಪ್ರಶ್ನೆಗಳನ್ನು ಕೇಳಿದರು. ಕೈಗೆ ಮೈಕ್ರೋಮೀಟರ್ ಕೊಟ್ಟರು. ಅದರ ತಣ್ಣನೆಯ ತೂಕ ಅಂಗೈಗೆ ಬಿದ್ದಾಗ ಅಳು ಬರುವಂತಾಯಿತು. ಅಳೆದೆ, ಸರಿಯಾಗಿತ್ತು. ಅಷ್ಟರಲ್ಲಿ ಎಚ್‌ಆರ್‌ನವಳು ನನ್ನ ಹಾಳೆಯಿಂದ ತಲೆಯೆತ್ತಿ ಕನ್ನಡದಲ್ಲಿ ಕೇಳಿದಳು.

"ನೀವು ಮತ್ತಿಗಿರಿ ಮಿಲ್ ಮುನಿರಾಜಣ್ಣನ ಮಗಳಲ್ವಾ? ಪುಣೇಲಿದ್ರಿ ಅಲ್ವಾ? ನಮ್ಮತ್ತೆ ಅಲ್ಲೇ ಹಿಟ್ಟು ಮಾಡ್ಸೋದು, ಯಾವಾಗ್ಲೂ ಹೇಳ್ತಿರ್ತಾರೆ. ಸೀನಿಯರ್ ಆಗಿದ್ರಂತೆ. ಮತ್ತೆ ಇದರಲ್ಲಿ ಯಾಕೆ ಹಾಕಿಲ್ಲ?"

ಅವಳು ಬಯೋಡೇಟಾವನ್ನು ಮ್ಯಾನೇಜರ್ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು.

"ಕೆಲಸದಲ್ಲಿದ್ದವರು ಕಾಯಿಲೆ ಅಂತ ಯಾಕೆ ಹಾಕ್ಬೇಕು? ಅಲ್ಲೇನಾದ್ರೂ ಗಲಾಟೆ ಆಗಿ ತೆಗೆದುಬಿಟ್ರಾ?"

ನಾನು ಅಂದುಕೊಂಡಿದ್ದೇನು, ಆದದ್ದೇನು! ಟಿಬಿ ಎಂದರೆ ಹೆದರಿ ಬೇಡವೆನ್ನುತ್ತಾರೆ ಎಂದು ಎಲ್ಲ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ನಿನ್ನ ಕಾಯಿಲೆಯೇ ಸುಳ್ಳು ಎಂದರೆ ಏನು ಹೇಳುವುದು? ಹೌದು, ಪುಣೆಯಲ್ಲಿದ್ದೆ, ಸೀನಿಯರ್ ಆಗಿದ್ದೆ, ಹುಷಾರಿಲ್ಲದೆ ಬಿಟ್ಟುಬಂದೆ ಎಂದು ತಲೆಯಾಡಿಸಿದ್ದರೆ ಬಹುಶಃ ದೊಡ್ಡ ಹುದ್ದೆಗೇ ತೆಗೆದುಕೊಳ್ಳುತ್ತಿದ್ದರು. ಆ ಕ್ಷಣ ಅದು ಮನಸ್ಸಿಗೆ ಬರಲಿಲ್ಲ ಎಂದು ಸುಳ್ಳು ಹೇಳಲಾರೆ, ಬಂತು. ಆದರೆ ಹಾಗೆಂದರೆ ಗುಮ್ಮಳಾಪುರದ ಆ ಮಂಚದ ಮೇಲೆ ಯಾರೂ ಮಲಗಿರಲೇ ಇಲ್ಲ ಎಂದಾಗುತ್ತಿತ್ತು.

"ನಾನು ಪುಣೆಗೆ ಹೋಗೇ ಇಲ್ಲ ಮೇಡಂ. ನನ್ನ ಬೆನ್ನುಮೂಳೆಗೆ ಟಿಬಿ ಆಗಿತ್ತು. ಮನೇಲಿ ಪುಣೆ ಅಂತ ಹೇಳಿಕೊಂಡಿದ್ರು" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ನಂಬಲಿಲ್ಲವೆಂದು ಕಾಣುತ್ತಲೇ ಇತ್ತು. ಕೊನೆಗೆ ಮ್ಯಾನೇಜರ್, ಆಸ್ಪತ್ರೆಯ ಎಲ್ಲ ಕಾಗದಗಳನ್ನೂ ನಾಳೆ ತನ್ನಿ, ಒಂದು ಪತ್ರ ಸಾಲದು ಎಂದರು.

ಬಸ್ಸಿಳಿದು ನೇರ ಮಿಲ್ಲಿಗೆ ಹೋದೆ. ಮೋಟಾರು ಓಡುತ್ತಿತ್ತು. ನಾಲ್ಕು ಜನ ಕೂತಿದ್ದರು, ಚಿನ್ನಮ್ಮಕ್ಕ ತನ್ನ ಡಬ್ಬದ ಪಕ್ಕ ಕುಕ್ಕರಗಾಲಲ್ಲಿದ್ದಳು. ನಾನು ಅಪ್ಪನ ಕಿವಿಯ ಹತ್ತಿರ, "ಆಸ್ಪತ್ರೆ ಫೈಲು ಬೇಕು" ಎಂದೆ.

"ಯಾಕೆ?"

"ಇಂಟರ್‌ವ್ಯೂನಲ್ಲಿ ಕೇಳಿದ್ರು. ನಿಜ ಹೇಳಿದ್ದೀನಿ."

ಅಪ್ಪನ ಕೈ ಹಿಟ್ಟು ಬೀಳುವ ಬಾಯಲ್ಲೇ ನಿಂತಿತು. "ಪುಣೆ ಅಂತ ಒಪ್ಕಂಡಿದ್ರೆ ಏನಾಗ್ತಿತ್ತು ನಿಂಗೆ? ಇಷ್ಟು ದಿನ ಯಾರಿಗೋಸ್ಕರ ಹೇಳ್ದೆ ನಾನು?"

"ನಂಗೋಸ್ಕರಾನೇ. ಗೊತ್ತು. ಆದ್ರೆ ಅಪ್ಪಾ, ಎರಡು ವರ್ಷ ನಂಗೆ ಹುಷಾರಿಲ್ಲ ಅಂತ ಒಬ್ರಿಗೂ ಗೊತ್ತಿರಲಿಲ್ಲ. ಒಬ್ರೂ ಹೆಂಗಿದ್ದೀಯ ಅನ್ನಲಿಲ್ಲ. ಸತ್ತಿದ್ರೂ ಪುಣೇಲಿ ಸತ್ಲು ಅಂತಿದ್ರೇನೋ."

ಇದನ್ನೆಲ್ಲ ಕೂಗಿಕೊಂಡೇ ಹೇಳಬೇಕಾಯಿತು. ಮಿಲ್ಲಿನ ಸದ್ದಿನಲ್ಲಿ ಬೇರೆ ದಾರಿಯಿಲ್ಲ. ಕೂತಿದ್ದವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅಪ್ಪ ಹೋಗಿ ಸ್ವಿಚ್ ಆರಿಸಿದ. ಬೆಲ್ಟು ಸುತ್ತಿ ಸುತ್ತಿ ನಿಧಾನವಾಗಿ ನಿಂತಿತು. ಕರೆಂಟು ಹೋಯಿತೇನೋ ಎಂದು ಎಲ್ಲರೂ ಬಲ್ಬಿನ ಕಡೆ ನೋಡಿದರು, ಅದು ಉರಿಯುತ್ತಿತ್ತು. ಅಪ್ಪ ಸ್ಟೂಲು ಹತ್ತಿ, ಅಟ್ಟದ ಮೇಲಿನ ಖಾಲಿ ಗೋಣಿಗಳ ಅಡಿಯಿಂದ ಆ ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಕೈಗೆ ಕೊಟ್ಟ. ನನ್ನ ಮುಖ ನೋಡದೆ ಚಿನ್ನಮ್ಮಕ್ಕನ ಕಡೆ ತಿರುಗಿದ.

"ಇವಳು ಪುಣೆಗೆ ಹೋಗ್ಲಿಲ್ಲಕ್ಕ. ಬೆನ್ನಿಗೆ ಟಿಬಿ ಬಂದು ಆಪ್ರೇಷನ್ ಆಗಿತ್ತು. ನಾನೇ ಸುಳ್ಳು ಹೇಳ್ದೆ."

ಚಿನ್ನಮ್ಮಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು. ಹಿಟ್ಟಾಗದ ರಾಗಿಯ ಡಬ್ಬವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಎದ್ದು ಹೊರಟೇಹೋದಳು. ಅಪ್ಪ ಕೂತುಬಿಟ್ಟ. ಅವನು ಹೆದರಿದ್ದು ಇದಕ್ಕೇ ಎಂದು ನನಗೆ ಅರ್ಥವಾಯಿತು. ನಾನು ಮಾಡಿದ್ದು ತಪ್ಪೇನೋ ಎಂದೂ ಅನ್ನಿಸಿತು.

ಮರುದಿನ ಬಸ್ಸಿನಲ್ಲಿ ಚೀಲ ಬಿಚ್ಚಿದೆ. ಸ್ಕ್ಯಾನುಗಳು, ಡಿಸ್ಚಾರ್ಜ್ ಕಾಗದ, ಎಲ್ಲದರ ಅಡಿಯಲ್ಲಿ ನನ್ನ ಉದ್ದ ನೋಟ್‌ಬುಕ್. ತೆರೆದರೆ ಹಾಳೆಗಳ ಮೂಲೆಯಲ್ಲಿ ರಾಗಿ ಹಿಟ್ಟಿನ ಹೆಬ್ಬೆರಳ ಗುರುತು. ಒಂದು ಹಾಳೆಯಲ್ಲಲ್ಲ, ಮೊದಲಿನಿಂದ ಕೊನೆಯವರೆಗೆ ಪ್ರತಿ ಹಾಳೆಯಲ್ಲೂ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸ್ಟೂಲು ಹತ್ತಿ ಇಳಿಸಿಕೊಂಡು ಓದಿದ್ದಾನೆ. ನೋವು ಹತ್ತಕ್ಕೆ ಎಷ್ಟೆಂದು ಬಾಯಿಬಿಟ್ಟು ಒಂದು ದಿನವೂ ಕೇಳದವನು ಎಲ್ಲ ದಿನಗಳ ಲೆಕ್ಕವನ್ನೂ ಓದಿ ಮುಗಿಸಿದ್ದ. ಪಕ್ಕದಲ್ಲಿ ಕೂತಿದ್ದ ಹುಡುಗಿ ನನ್ನ ಕಣ್ಣು ತುಂಬಿದ್ದು ನೋಡಿ ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಮ್ಯಾನೇಜರ್ ಆಸ್ಪತ್ರೆಯ ಕಾಗದಗಳನ್ನು ಬೇಗ ಬೇಗ ನೋಡಿ ಪಕ್ಕಕ್ಕಿಟ್ಟರು. ನೋಟ್‌ಬುಕ್ ನೋಡಿ ನಿಂತರು. ಒಂದೊಂದೇ ಹಾಳೆ ಮಗುಚಿದರು. ಹೆಜ್ಜೆಗಳ ಸಾಲಿನ ಮೇಲೆ ಬೆರಳು ಓಡಿಸಿದರು, ಗೀಟು ಎಳೆದ ಎರಡು ದಿನಗಳ ಹತ್ತಿರ ಬೆರಳು ನಿಂತಿತು.

"ಈ ಎರಡನೇ ಸಹಿ ಯಾರದು?" ಎಂದು ತಮಿಳಿನಲ್ಲಿ ಕೇಳಿದರು.

"ನಮ್ಮತ್ತೆಯದು ಸಾರ್. ಅವರಿಗೆ ಬರೆಯಲು ಬರುವುದಿಲ್ಲ, ಆದರೆ ನೋಡದೆ ಹಾಕುತ್ತಿರಲಿಲ್ಲ."

ಅವರು ನೋಟ್‌ಬುಕ್ಕನ್ನು ಎಚ್‌ಆರ್‌ನವಳ ಕಡೆ ಸರಿಸಿ, "ಇದು ಟೇಬಲ್ ರೀಡಿಂಗ್ ಅಲ್ಲ" ಎಂದರು. ಅವಳಿಗೆ ಅದು ಅರ್ಥವಾಯಿತೋ ಇಲ್ಲವೋ. ನನಗಾಯಿತು. ಹನ್ನೆರಡು ದಿನ ಬಿಟ್ಟು ಫೋನು ಬಂತು. ಸೀನಿಯರ್ ಅಲ್ಲ, ಹೊಸಬರ ಜೊತೆ ಕೆಳಗಿನಿಂದ ಶುರು. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕೂರಬಹುದು ಎಂದೂ ಹೇಳಿದರು. ನಾನು ಕೇಳದೆಯೇ ಹೇಳಿದ್ದು ಅದು.

ಆ ಹನ್ನೆರಡು ದಿನ ಚಿನ್ನಮ್ಮಕ್ಕ ನಮ್ಮ ಮಿಲ್ಲಿನ ಕಡೆ ಬರಲಿಲ್ಲ. ಇನ್ನೂ ಮೂರ್ನಾಲ್ಕು ಮನೆಯವರು ಬರಲಿಲ್ಲ. ಅಪ್ಪ ಮಿಲ್ಲಿನ ನೆಲವನ್ನು ದಿನಕ್ಕೆ ಎರಡು ಸಲ ಗುಡಿಸುತ್ತಿದ್ದ. ಅಮ್ಮ ಬೀದಿ ನಲ್ಲಿಗೆ ಹೋಗುವುದನ್ನು ಬಿಟ್ಟಳು. ನಿಜ ಹೇಳಿದ ಮೇಲೆ ಒಂಟಿತನ ಕಡಿಮೆಯಾಗುತ್ತದೆಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಅದು ಮೊದಲು ಮನೆಯವರಿಗೂ ಹಂಚಿಕೆಯಾಗುತ್ತದೆ.

ಕೆಲಸಕ್ಕೆ ಸೇರಿದ ಮೊದಲ ದಿನ ಸಂಜೆ ಯೂನಿಫಾರ್ಮಿನಲ್ಲೇ ಬಂದು, ಬೆನ್ನು ನೋಯುತ್ತಿದ್ದರಿಂದ ಮಂಚದ ಮೇಲೆ ಒರಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಚಿನ್ನಮ್ಮಕ್ಕ. ಒಂದು ಕೈಯಲ್ಲಿ ಬ್ರೆಡ್ಡಿನ ಪ್ಯಾಕೆಟ್ಟು, ಇನ್ನೊಂದು ಕೈಯ ಚೀಲದಲ್ಲಿ ಮೂಸಂಬಿ. ನಾನು ದಡಬಡಿಸಿ ಎದ್ದೆ.

"ಮಲಕ್ಕೋ, ಮಲಕ್ಕೋ. ಏಳ್ಬೇಡ" ಎಂದಳು.

"ಈಗ ಹುಷಾರಾಗಿದ್ದೀನಕ್ಕ."

"ಈಗ ಹುಷಾರಾಗಿದ್ದೀಯ ಅಂತ ನಾನು ಬರದೆ ಇರಕ್ಕಾಗ್ತದಾ? ಬೀದೀಲಿ ಒಂದು ನಾಯಿಗೆ ಕಾಲು ಮುರಿದ್ರೂ ಹೋಗಿ ನೋಡೋಳು ನಾನು. ನಿನ್ನ ನೋಡಕ್ಕೆ ಬರಲಿಲ್ಲ ಅನ್ನಂಗೆ ಮಾಡ್ಬುಟ್ನಲ್ಲ ನಿಮ್ಮಪ್ಪ! ನನ್ನ ಮುಂದೆ ಸ್ವೀಟು ಬೇರೆ ಹಂಚ್ದ. ಅವನ ಮಕ ನೋಡ್ಬಾರ್ದು ಅಂತ ಎರಡು ಕಿಲೋಮೀಟರು ಹೊತ್ಕಂಡೋಗಿ ಬೇರೆ ಮಿಲ್ಲಲ್ಲಿ ಹಾಕ್ಸಿದೀನಿ. ಹಾಳು ಹಿಟ್ಟು, ಎಲ್ಲಾ ತರಿ ತರಿ."

ಅಷ್ಟರಲ್ಲಿ ಅಪ್ಪ ಮಿಲ್ಲಿನಿಂದ ಬಂದವನು ಅವಳನ್ನು ಕಂಡು ಹೊಸ್ತಿಲಾಚೆಯೇ ನಿಂತ. ಚಿನ್ನಮ್ಮಕ್ಕ ಅವನ ಕಡೆ ತಿರುಗಲೇ ಇಲ್ಲ. ಟೈಫಾಯ್ಡಿನ ದಿನಗಳಲ್ಲಿ ಕೂರುತ್ತಿದ್ದ ಜಾಗದಲ್ಲೇ, ನನ್ನ ಕಾಲ ದೆಸೆಯಲ್ಲಿ ಕೂತು, ಚೀಲದಿಂದ ಒಂದು ಮೂಸಂಬಿ ತೆಗೆದು ಉಗುರಿನಿಂದ ಸಿಪ್ಪೆ ಸುಲಿಯತೊಡಗಿದಳು.

"ಎಲ್ಲಿಂದ ಶುರುವಾಯ್ತು? ಮೊದ್ಲಿಂದ ಹೇಳು."

ನನಗೆ ಬಾಯಿ ತೆರೆದರೆ ಅಳು. ಎರಡು ವರ್ಷ ನಾಲ್ಕು ತಿಂಗಳು ಅತ್ತದ್ದೆಲ್ಲ ಒಬ್ಬಳೇ ಅತ್ತದ್ದು, ಇನ್ನೊಬ್ಬರ ಎದುರಿಗೆ ಅಳುವುದು ಹೇಗೆಂದೇ ಮರೆತುಹೋಗಿತ್ತು. ಬಾಗಿಲಾಚೆ ಅಪ್ಪ ಮೆಲ್ಲಗೆ ಮೆಟ್ಟಿಲ ಮೇಲೆ ಕೂತದ್ದು ಕಂಡಿತು. ಫ್ಯಾಕ್ಟರಿ ಬಸ್ಸಿನ ಮೆಟ್ಟಿಲ ಮೇಲೆ ಎಡಗಾಲು ಇಟ್ಟೆನಕ್ಕ, ಎಂದು ಶುರುಮಾಡಿದವಳಿಗೆ ಮುಂದಕ್ಕೆ ಹೋಗಲಾಗಲಿಲ್ಲ.

ಚಿನ್ನಮ್ಮಕ್ಕ ಒಂದು ತೊಳೆ ಬಿಡಿಸಿ, ಬೀಜ ತೆಗೆದು ನನ್ನ ಕೈಗಿಟ್ಟಳು.

"ಅವಸರ ಏನೂ ಇಲ್ಲ," ಎಂದಳು. "ತಿಂತಾ ಹೇಳು."